ತಿಂಡಿ ತಂದಿಟ್ಟವಳು

ಪ್ರಿಯ ಸುಮಾ,

ಅಮೆರಿಕದ ಲೇಖಕಿ ನೆಲ್ಲಾ ಲಾರ್ಸನ್ ಅವರ ‘ಪಾಸಿಂಗ್’ (1929) ಕಾದಂಬರಿಯ ನಿನ್ನ ಅನುವಾದದ ಕರಡನ್ನು ಎರಡು ರಾತ್ರಿ ಕೂತು ಓದಿದೆ. ಕನ್ನಡ ಸರಾಗವಾಗಿದೆ. ನನ್ನ ತಕರಾರು ಆ ಸರಾಗದ ಮೇಲೆಯೇ.

ಕಥಾನಾಯಕಿ ಐರೀನಳ ಕೆನ್ನೆಗೆ ನೀನು ‘ಗೋಧಿ ಬಣ್ಣ’ ಬಳಿದಿದ್ದೀಯ. ಆ ಮಾತು ಕಿವಿಗೆ ಬಿದ್ದೊಡನೆ ನಮ್ಮವರಿಗೆ ‘ವಧು ಬೇಕಾಗಿದೆ’ ಜಾಹೀರಾತು ನೆನಪಾಗುತ್ತದೆ. ಅಮೆರಿಕದ ಲೆಕ್ಕ ಬೇರೆ. 1924ರ ವರ್ಜೀನಿಯಾ ಕಾಯಿದೆಯ ಪ್ರಕಾರ, ಮೈಯಲ್ಲಿ ಕಪ್ಪು ಜನರ ರಕ್ತದ ಲವಲೇಶವಿದ್ದರೂ ಆ ಮನುಷ್ಯ ಬಿಳಿಯನೆನಿಸುತ್ತಿರಲಿಲ್ಲ, ನೋಡಲು ಎಷ್ಟೇ ಬೆಳ್ಳಗಿರಲಿ. ಅಂಥವರು ಬಿಳಿಯರೆಂದು ಬದುಕುವುದೇ ‘ಪಾಸಿಂಗ್’. ಐರೀನಳ ಬಾಲ್ಯದ ಗೆಳತಿ ಕ್ಲೇರ್ ಬದುಕುತ್ತಿರುವುದು ಹಾಗೆ. ಗುಟ್ಟು ತಿಳಿಯದ ಗಂಡ ಅವಳನ್ನು ‘ನಿಗ್’ ಎಂದು, ಕಪ್ಪು ಜನರನ್ನು ಹೀಯಾಳಿಸುವ ಬೈಗುಳವನ್ನೇ ಮೊಟಕುಮಾಡಿ, ಕರೆಯುತ್ತಾನೆ. ಮದುವೆಯ ದಿನ ಬೆಳ್ಳಗಿದ್ದವಳು ಬರುಬರುತ್ತಾ ಕಪ್ಪಾಗುತ್ತಿದ್ದಾಳಂತೆ. ನೀನು ಅದನ್ನು ‘ಕಪ್ಪು ಚೆಲುವೆ’ ಮಾಡಿ ಮುದ್ದಿಸಿಬಿಟ್ಟೆ! ಅವನೆದುರು ಚಹಾ ಕುಡಿಯುತ್ತ ಕೂತ ಐರೀನ್, ಕ್ಲೇರ್, ಇನ್ನೊಬ್ಬ ಗೆಳತಿ ಮೂವರೂ ಕಪ್ಪು ಕುಲದವರೇ. ಹೀಗೇ ಹೋದರೆ ಒಂದು ದಿನ ಎದ್ದು ನೋಡುವಾಗ ಇವಳು ಅಂಥವಳೇ ಆಗಿಬಿಟ್ಟಿರುತ್ತಾಳೆ ಎಂದು ಅವನು ಗಹಗಹಿಸಿದಾಗ ಐರೀನ್ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಾಳೆ. ಬೈಗುಳ ಬೈಗುಳವಾಗಿಯೇ ಉಳಿದರೆ ಮಾತ್ರ ಆ ನಗೆಗೆ ಓದುಗರ ಹೊಟ್ಟೆ ತೊಳಸೀತು.

ನನಗೆ ಹೆಚ್ಚು ಬೇಸರ ತಂದದ್ದು ಒಂದು ಸಣ್ಣ ಸಾಲು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಐರೀನಳ ಮನೆಯಲ್ಲಿ ಬೆಳಗಿನ ತಿಂಡಿಯ ಹೊತ್ತು. ಕೆಲಸದವಳು ಜುಲೀನಾ ಗ್ರೇಪ್‌ಫ್ರೂಟ್ ತಂದಿಡುತ್ತಾಳೆ. (ಅದು ದ್ರಾಕ್ಷಿಯಲ್ಲ ಮಾರಾಯ್ತಿ, ಚಕ್ಕೋತದ ಬಳಗದ್ದು.) ಮೂಲದಲ್ಲಿ ಆಕೆ ಮಹಾಗನಿ ಮರದ ಬಣ್ಣದ ಒಂದು ಪುಟ್ಟ ‘ಜೀವಿ’. ನೀನು ‘ಪುಟ್ಟ ಹುಡುಗಿ’ ಎಂದು ತಿದ್ದಿದ್ದೀಯ, ಕರುಣೆಯಿಂದಲೇ ಇರಬೇಕು. ಆದರೆ ಅದು ಐರೀನಳ ಕಣ್ಣು. ಜನಾಂಗದ ಏಳಿಗೆಗೆಂದು ನೃತ್ಯಕೂಟಕ್ಕೆ ಟಿಕೆಟ್ ಮಾರುವ ವೈದ್ಯನ ಹೆಂಡತಿಗೆ, ತನಗಿಂತ ಕಪ್ಪಾದ, ಕೂಲಿಗೆ ದುಡಿಯುವವಳು ಕಾಣುವ ಬಗೆ ಅದು. ಅದನ್ನು ತಿದ್ದಿದರೆ ಐರೀನ್ ಪುಕ್ಕಟೆ ಪಾರಾಗುತ್ತಾಳೆ.

ಅದೇ ವರ್ಷ ಬಂದ ವ್ಯಾಲೇಸ್ ಥರ್ಮನ್ ಅವರ ‘ದಿ ಬ್ಲ್ಯಾಕರ್ ದಿ ಬೆರಿ’ ಕಾದಂಬರಿಯನ್ನು ಓದು. ಬೆಳ್ಳಗಿನ ಬಂಧುಗಳ ನಡುವೆ ಕಪ್ಪಗೆ ಹುಟ್ಟಿದ ಎಮ್ಮಾ ಲೂ ಕ್ರೀಮು, ಪೌಡರು ಹಚ್ಚಿ ಹಚ್ಚಿ ಒದ್ದಾಡುತ್ತಾಳೆ. ಅವಳಿಗಾಗಿ ಮನಸ್ಸು ಕರಗುವ ಹೊತ್ತಿಗೇ ಕಾಲೇಜಿಗೆ ಹೇಜಲ್ ಬರುತ್ತಾಳೆ: ಅಷ್ಟೇ ಕಪ್ಪು, ಕಾರಿದೆ, ಅಪ್ಪನ ಹಣವಿದೆ, ಗಂಟಲು ದೊಡ್ಡದು, ಮಾತು ಹಳ್ಳಿಯದು. ಇವಳ ಜೊತೆ ಯಾರಾದರೂ ತನ್ನನ್ನು ಕಂಡಾರೆಂದು ಎಮ್ಮಾ ಲೂ ತಪ್ಪಿಸಿಕೊಂಡು ಓಡಾಡುತ್ತಾಳೆ. ಥರ್ಮನ್ ಸ್ವತಃ ಕಪ್ಪು ಮೈಬಣ್ಣದವರು. ಆದರೂ ನಾಯಕಿಯ ಈ ಸಣ್ಣತನಕ್ಕೆ ಸೆರಗು ಹೊದಿಸಲಿಲ್ಲ.

ಲಾರ್ಸನ್ ಅವರ ತಾಯಿ ಡೆನ್ಮಾರ್ಕಿನ ಬಿಳಿಯಾಕೆ. ಮಲತಂದೆ, ತಂಗಿ ಬಿಳಿಯರು. ಆ ಮನೆಯಲ್ಲಿ ಬೇರೆ ಬಣ್ಣದವಳು ಆಕೆಯೊಬ್ಬಳೇ. ‘ಜೀವಿ’ ಎಂಬ ಪದ ಆ ಕೈಯಿಂದ ಮೈಮರೆತು ಬಿದ್ದದ್ದೆಂದು ನಾನು ನಂಬುವುದಿಲ್ಲ.

ತಿಂಡಿಯ ಆ ಪುಟವನ್ನು ಇನ್ನೊಮ್ಮೆ ಮಾಡಿ ಕಳಿಸು. ಉಳಿದದ್ದನ್ನು ಆಮೇಲೆ ನೋಡೋಣ.

ನಿನ್ನ,
ಅಕ್ಕ