ಈರುಳ್ಳಿ ಸಾಹೇಬರ ಪರವಾಗಿ ಒಂದು ಟಿಪ್ಪಣಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಯುವ ಓದುಗರೊಬ್ಬರು 'ಗೇಮ್ ಆಫ್ ಥ್ರೋನ್ಸ್' ಎಂಬ ಇಂಗ್ಲಿಷ್ ಟಿ.ವಿ. ಧಾರಾವಾಹಿಯ ಬಗ್ಗೆ ಬರೆದ ಪತ್ರ ಓದಿದೆ. ಸಮಾಧಾನವಾಗದೆ ಇನ್ನೊಮ್ಮೆ ಓದಿದೆ. ಜಾನ್ ಸ್ನೋ ತನ್ನ ರಾಣಿ ಡೇನೇರಿಸ್‌ಳನ್ನೇ ಕೊಂದ ಸ್ವಾಮಿದ್ರೋಹಿ, ಅದೇ ರಾಣಿಯ ಗೂಢಚಾರ ಮಂತ್ರಿ ವೇರಿಸ್ ಮಾತ್ರ ಪ್ರಜೆಗಳಿಗಾಗಿ ಪ್ರಾಣ ಕೊಟ್ಟ ನಿಷ್ಠಾವಂತ ಎನ್ನುವುದು ಅವರ ವಾದ. ಈ ಎರಡು ಮಾತು ಒಂದೇ ಪತ್ರದಲ್ಲಿ ಹೇಗೆ ಕೂತವು ಅಂತ ನನಗೆ ಅರ್ಥವಾಗಲಿಲ್ಲ. ಇಬ್ಬರೂ ಕೈ ಹಾಕಿದ್ದು ಅದೇ ರಾಣಿಯ ಪ್ರಾಣಕ್ಕೆ ತಾನೆ? ಒಬ್ಬ ಅಡುಗೆಮನೆಯ ಹುಡುಗಿಯ ಮೂಲಕ ಊಟದಲ್ಲಿ ಏನೋ ಬೆರೆಸಲು ನೋಡಿದ. ಬಾಯಿಬಿಟ್ಟು ವಿಷ ಅಂತ ಹೇಳುವುದಿಲ್ಲ, ಆದರೆ ಆ ಹುಡುಗಿ 'ಅವರು ಊಟ ಮಾಡುತ್ತಿಲ್ಲ' ಅಂದಾಗ ನೋಡುವವರಿಗೆ ಗೊತ್ತಾಗುತ್ತದೆ. ಇನ್ನೊಬ್ಬ ಎದುರು ನಿಂತು ಚೂರಿ ಹಾಕಿದ. ವಿಷವಾದರೆ ದೇಶಸೇವೆ, ಚೂರಿಯಾದರೆ ದ್ರೋಹವೇ?

ಧಾರಾವಾಹಿ ಇನ್ನೂ ನೋಡದವರು ಇಲ್ಲಿಗೇ ಪುಟ ತಿರುಗಿಸುವುದು ಒಳ್ಳೆಯದು. 2019ರ ಮೇ ತಿಂಗಳಲ್ಲೇ ಮುಗಿದ ಕಥೆ. ಇನ್ನೂ ಗುಟ್ಟು ಕಾಯುವುದು ನನ್ನಿಂದ ಆಗುವುದಿಲ್ಲ.

ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. 2020ರ ಲಾಕ್‌ಡೌನ್‌ನಲ್ಲಿ ಮಗಳ ಸಂಸಾರ ಬೆಂಗಳೂರಿನಿಂದ ಸಾಗರಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿಯಿತು. ಮೊಮ್ಮಗಳು ಟಿ.ವಿ.ಗೆ ಏನೋ ಸಿಕ್ಕಿಸಿ, 'ಅಜ್ಜ, ಒಂದೇ ಒಂದು ಎಪಿಸೋಡ್ ನೋಡು' ಎಂದಳು. ಎಂಟು ಸೀಸನ್, 73 ಕಂತು ನೋಡಿ ಮುಗಿಸಿದೆ. ಆಮೇಲೆ ಒಬ್ಬನೇ ಕೂತು ಇನ್ನೊಮ್ಮೆ ನೋಡಿದೆ. ಮೊದಲ ಸಲ ಹೆಸರುಗಳು ತಲೆಗೆ ಹತ್ತಲೇ ಇಲ್ಲ. ಹಳೇ ಡೈರಿಯಲ್ಲಿ ಪಹಣಿ ಬರೆದ ಹಾಗೆ ಮನೆತನ, ಊರು, ಯಾರ ಮಗ, ಯಾರ ಕಡೆ ಅಂತ ಬರೆದುಕೊಂಡೆ. 'ಯಾರ ಕಡೆ' ಕಾಲಂ ಮಾತ್ರ ಪದೇ ಪದೇ ತಿದ್ದಬೇಕಾಯಿತು.

ನನ್ನ ಹೆಂಡತಿಗೆ ಡೈರಿ ಬೇಕಾಗಲಿಲ್ಲ. ಅವಳೇ ಎಲ್ಲರಿಗೂ ಹೆಸರಿಟ್ಟಳು. ಎದುರಾಳಿ ರಾಣಿ ಸರ್ಸಿ 'ದೊಡ್ಡಮನೆ ಅಮ್ಮ'. ವೇರಿಸ್ 'ಬೋಳುತಲೆ ಶ್ಯಾನುಭೋಗ'. ಡಾವೋಸ್ 'ಈರುಳ್ಳಿ ಸಾಹೇಬ'. ಕೊಲೆ, ರಕ್ತ ಬಂದಾಗ ಎದ್ದು ಒಳಗೆ ಹೋಗಿ, 'ಮುಗಿದ ಮೇಲೆ ಕರೀರಿ' ಎನ್ನುತ್ತಿದ್ದಳು. ಕೆಲವು ದಿನ ಕರೆಯುವ ಸಂದರ್ಭವೇ ಬರಲಿಲ್ಲ.

ನಮ್ಮ ಕಡೆ ಮಳೆಗಾಲ ಬಂತೆಂದರೆ ಯಕ್ಷಗಾನ ಮೇಳಗಳ ತಿರುಗಾಟ ನಿಂತು ತಾಳಮದ್ದಲೆ ಶುರುವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು ಅಷ್ಟೇ. ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನೇ ಹಿಡಿದು ಕೇಳುತ್ತಾನೆ. ಕರ್ಣ ಕೃಷ್ಣನಿಗೆ ಉತ್ತರ ಕೊಡುತ್ತಾನೆ. ಕಥೆ ಎಲ್ಲರಿಗೂ ಗೊತ್ತು, ಆದರೂ ಬೆಳಗಿನ ತನಕ ಕೂತು ಕೇಳುತ್ತೇವೆ. ಆ ವರ್ಷ ಕೊರೊನಾದಿಂದ ಕೂಟಗಳು ನಿಂತಿದ್ದವು. ನಮ್ಮ ಮನೆಯ ಜಗಲಿಯಲ್ಲಿ ಮಾತ್ರ ದಿನಾ ಕೂಟ. ಮೊಮ್ಮಗಳು ಡೇನೇರಿಸ್ ಪಕ್ಷ. ಅಳಿಯಂದಿರು ಜಾನ್ ಸ್ನೋ ಪಕ್ಷ. ನಾನು ಎರಡೂ ಕಡೆಯವರ ಬಾಯಿಗೆ ಬೀಳುವವನು.

ವೇರಿಸ್ ವಿಷಯದಲ್ಲಿ ನಾನು ಒಂದು ಸಲ ಚೆನ್ನಾಗಿ ಸೋತೆ. ಏಳನೇ ಸೀಸನ್ನಿನಲ್ಲಿ ರಾಣಿ ಅವನಿಗೆ ಒಂದು ಷರತ್ತು ಹಾಕುತ್ತಾಳೆ. ನಾನು ಜನರಿಗೆ ಅನ್ಯಾಯ ಮಾಡುತ್ತಿದ್ದೇನೆ ಅನಿಸಿದರೆ ಬೆನ್ನ ಹಿಂದೆ ಪಿತೂರಿ ಮಾಡಬೇಡ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳು ಎನ್ನುತ್ತಾಳೆ. ದ್ರೋಹ ಮಾಡಿದರೆ ಜೀವಂತ ಸುಡುತ್ತೇನೆ ಅಂತಲೂ ಹೇಳುತ್ತಾಳೆ. 'ಅವನು ಹೇಳಲೇ ಇಲ್ಲ, ಸುಮ್ನೆ ಗುಟ್ಟಾಗಿ ಪತ್ರ ಬರೆದ' ಅಂತ ನಾನು ಮೇಜು ಕುಟ್ಟಿ ವಾದಿಸಿದೆ. ಮೊಮ್ಮಗಳು ಒಂದು ಮಾತೂ ಆಡದೆ ಎಂಟನೇ ಸೀಸನ್ನಿನ ನಾಲ್ಕನೇ ಕಂತು ಹಾಕಿದಳು. ಅಲ್ಲಿ ಅವನು ಎದುರು ನಿಂತು, ಆ ಷರತ್ತನ್ನೇ ನೆನಪಿಸಿ, ನೀವು ಮಾಡುತ್ತಿರುವುದು ತಪ್ಪು, ಉಳಿಸಲು ಬಂದ ಊರನ್ನೇ ಹಾಳುಮಾಡಬೇಡಿ ಎಂದು ಬೇಡಿಕೊಳ್ಳುತ್ತಾನೆ. ನಾನು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದೆ.

ಆದರೆ ಅಲ್ಲಿಂದಲೇ ನನ್ನ ಪ್ರಶ್ನೆ ಶುರುವಾಗುತ್ತದೆ. ಕಚೇರಿಯಲ್ಲಿ ಗುಮಾಸ್ತ ಕಡತದಲ್ಲಿ ಟಿಪ್ಪಣಿ ಬರೆಯುತ್ತಾನೆ. 'ಇದಕ್ಕೆ ನಿಯಮದಲ್ಲಿ ಅವಕಾಶವಿಲ್ಲ' ಎಂದು ಬರೆದು ಸಹಿ ಹಾಕಿ ಮೇಲೆ ಕಳಿಸುತ್ತಾನೆ. ಸಾಹೇಬರು ಒಪ್ಪಬಹುದು, ಬಿಡಬಹುದು. ಒಪ್ಪದಿದ್ದರೆ ಅವರ ಕೈಬರಹದಲ್ಲೇ ಅದು ಇರುತ್ತದೆ. ವೇರಿಸ್ ಟಿಪ್ಪಣಿ ಹಾಕಿದ, ಸರಿ. ರಾಣಿ ತಳ್ಳಿಹಾಕಿದಳು, ಅದೂ ಸರಿ. ಆಮೇಲೆ ಅವನು ಅದೇ ರಾಣಿಯ ಕೋಟೆಯಲ್ಲಿ ಕೂತು, ಅವಳದೇ ಅನ್ನ ತಿನ್ನುತ್ತಾ, ಅವಳ ತಟ್ಟೆಗೆ ಕೈ ಹಾಕಿದ. ಟಿಪ್ಪಣಿಗೂ ವಿಷಕ್ಕೂ ನಡುವೆ ಒಂದು ಮೆಟ್ಟಿಲಿದೆ. ಅದನ್ನು ಹಾರಿಬಿಟ್ಟ.

ಆ ಮೆಟ್ಟಿಲು ಯಾವುದು ಅಂತ ತಾಳಮದ್ದಲೆ ಕೇಳಿದವರಿಗೆ ಗೊತ್ತು. ಕೃಷ್ಣಸಂಧಾನದಲ್ಲಿ ಕೌರವನ ಮಾತು ತಾಳಲಾರದೆ ವಿದುರ ತನ್ನ ಬಿಲ್ಲನ್ನು ಮುರಿದು ಹಾಕುತ್ತಾನೆ. ನಿನ್ನ ಪರವಾಗಿ ಇನ್ನು ಬಾಣ ಹೂಡುವುದಿಲ್ಲ ಎನ್ನುತ್ತಾನೆ. ಪಾಂಡವರ ಕಡೆ ಓಡಲಿಲ್ಲ, ಕೌರವನ ಹಾಲಿಗೆ ಏನನ್ನೂ ಬೆರೆಸಲಿಲ್ಲ. ಈ ಧಾರಾವಾಹಿಯಲ್ಲಿ ಆ ಕೆಲಸ ಮಾಡಿದವನು ಟಿರಿಯನ್. ರಾಣಿಯ ಮಂತ್ರಿ ಎಂಬ ಗುರುತಿನ ಬಿಲ್ಲೆಯನ್ನು ಎದೆಯಿಂದ ಕಿತ್ತು, ಇಡೀ ಸೈನ್ಯದ ಎದುರು ಮೆಟ್ಟಿಲ ಮೇಲಿಂದ ಎಸೆದ. ಆದರೆ ಅಷ್ಟು ಹೊತ್ತಿಗೆ ರಾಣಿ ತನ್ನ ಡ್ರ್ಯಾಗನ್‌ನಿಂದ ಊರನ್ನು ಸುಟ್ಟು ಬೂದಿ ಮಾಡಿದ್ದಳು. ವೇರಿಸ್‌ನನ್ನು ಹಿಡಿದುಕೊಟ್ಟವನೂ ಅವನೇ. ಬಿಲ್ಲೆ ಎರಡು ದಿನ ಮೊದಲೇ ಬಿದ್ದಿದ್ದರೆ ಎಂದು ಅಳಿಯಂದಿರು ಈಗಲೂ ಕೈ ಕೈ ಹಿಸುಕಿಕೊಳ್ಳುತ್ತಾರೆ.

ಈಗ ಈರುಳ್ಳಿ ಸಾಹೇಬರ ವಿಷಯ. ನಿಮ್ಮ ಓದುಗರ ಪತ್ರದಲ್ಲಿ ಡಾವೋಸ್ ಸೀವರ್ತ್ ಹೆಸರು ಒಂದು ಸಲವೂ ಇಲ್ಲ. ನಿಷ್ಠೆಯ ಬಗ್ಗೆ ಅಷ್ಟುದ್ದ ಬರೆದು ಅವನನ್ನು ಬಿಡುವುದು ಅಂದರೆ ಸಾರಿಗೆ ಉಪ್ಪು ಬಿಟ್ಟ ಹಾಗೆ. ಅವನು ಕಳ್ಳಸಾಗಣೆ ಮಾಡುತ್ತಿದ್ದ ಹಡಗಿನವನು. ಮುಂದೆ ಸಿಂಹಾಸನಕ್ಕಾಗಿ ಹೋರಾಡಿದ ಸ್ಟಾನಿಸ್‌ನ ಕೋಟೆಗೆ ಮುತ್ತಿಗೆ ಬಿದ್ದು ಒಳಗಿದ್ದವರು ಹಸಿವಿನಿಂದ ಸಾಯುವಾಗ ರಾತ್ರಿ ದೋಣಿಯಲ್ಲಿ ಈರುಳ್ಳಿ ತಂದು ಬದುಕಿಸಿದ. ಸ್ಟಾನಿಸ್ ಅವನಿಗೆ ಸರದಾರಿಕೆ ಕೊಟ್ಟ. ಜೊತೆಗೆ ಹಳೇ ಕಳ್ಳತನಕ್ಕೆ ಶಿಕ್ಷೆ ಅಂತ ಒಂದು ಕೈಯ ನಾಲ್ಕು ಬೆರಳಿನ ತುದಿ ಕತ್ತರಿಸಿದ. ಒಳ್ಳೆಯದು ಕೆಟ್ಟದ್ದನ್ನು ತೊಳೆಯುವುದಿಲ್ಲ, ಕೆಟ್ಟದ್ದು ಒಳ್ಳೆಯದನ್ನೂ ತೊಳೆಯುವುದಿಲ್ಲ ಎನ್ನುವುದು ಸ್ಟಾನಿಸ್ ಲೆಕ್ಕ. ಡಾವೋಸ್ ಅದನ್ನು ನ್ಯಾಯ ಅಂತಲೇ ಒಪ್ಪಿಕೊಂಡ. ಇಷ್ಟರವರೆಗೆ ನೋಡಿದಾಗ ಇವನೊಬ್ಬ ಬಾಲಬಡುಕ ಅಂದುಕೊಂಡೆ. ಆದರೆ ರಾಜನ ರಕ್ತ ಬೇಕು ಅಂತ ಗೆಂಡ್ರಿ ಎಂಬ ಹುಡುಗನನ್ನು ಬಲಿ ಕೊಡಲು ಹೊರಟಾಗ, ಇದೇ ಡಾವೋಸ್ ಅವನನ್ನು ದೋಣಿ ಹತ್ತಿಸಿ ಕಳಿಸಿಬಿಟ್ಟ. ಓಡಿಹೋಗಲಿಲ್ಲ. ರಾಜನ ಮುಂದೆ ಹೋಗಿ 'ನಾನೇ ಬಿಟ್ಟೆ' ಎಂದ. ಮರಣದಂಡನೆ ಕೂದಲೆಳೆಯಲ್ಲಿ ತಪ್ಪಿತು.

ಇದಾದ ಮೇಲೆ ಐದನೇ ಸೀಸನ್ನಿನಲ್ಲಿ ಒಂದು ದೃಶ್ಯ ಇದೆ. ಅದನ್ನು ನನ್ನಿಂದ ಮರೆಯಲಾಗುವುದಿಲ್ಲ. ಸ್ಟಾನಿಸ್‌ನ ಸೈನ್ಯ ಹಿಮದಲ್ಲಿ ಸಿಕ್ಕಿಬಿದ್ದಿದೆ. ದವಸ ಸುಟ್ಟುಹೋಗಿದೆ. ಮಗಳನ್ನೇ ಬೆಂಕಿಗೆ ಕೊಟ್ಟರೆ ಗೆಲುವು ಎಂದು ಅವನ ಮಂತ್ರವಾದಿನಿ ಕೆಂಪು ಸೀರೆಯವಳು (ಇದೂ ನನ್ನ ಹೆಂಡತಿ ಇಟ್ಟ ಹೆಸರು) ಹೇಳಿದ್ದಾಳೆ. ಆಗ ಸ್ಟಾನಿಸ್ ಡಾವೋಸ್‌ನನ್ನು ಕರೆದು, ನೀನು ಉತ್ತರದ ಗಡಿಯ ದೊಡ್ಡ ಗೋಡೆ ಕಾಯುವವರ ಕೋಟೆಗೆ ಹೋಗಿ ಆಹಾರ, ಕುದುರೆ ಕೇಳಿಕೊಂಡು ಬಾ ಎನ್ನುತ್ತಾನೆ. ಮಗುವನ್ನಾದರೂ ನನ್ನ ಜೊತೆ ಕಳಿಸಿ ಎಂದು ಡಾವೋಸ್ ಕೇಳುತ್ತಾನೆ. ಇಲ್ಲ, ಅವಳು ಇಲ್ಲೇ ಇರಲಿ. ಡಾವೋಸ್ ಮರದಲ್ಲಿ ಕೆತ್ತಿದ ಒಂದು ಪುಟ್ಟ ಜಿಂಕೆಯನ್ನು ಆ ಹುಡುಗಿಗೆ ಕೊಟ್ಟು ಹೊರಡುತ್ತಾನೆ.

ಆಗ ನನ್ನ ಹೆಂಡತಿ ನನ್ನ ಮುಖ ನೋಡಿ, 'ನಿಮ್ಮ ಆಫೀಸಿನ ಆ ಸಾಹೇಬ್ರೇ ಈ ಸ್ಟಾನಿಸ್' ಎಂದಳು.

ನಾನು ಮೂರು ಜಿಲ್ಲೆಗಳಲ್ಲಿ ಕೆಲಸ ಮಾಡಿದ್ದೇನೆ. ಊರು, ಹೆಸರು ಬೇಡ. ಒಬ್ಬ ಅಧಿಕಾರಿ ಇದ್ದರು, ಕೆಟ್ಟವರಲ್ಲ. ಸಿಬ್ಬಂದಿಯ ಮನೆ ಮದುವೆಗೆಲ್ಲ ಬರುತ್ತಿದ್ದರು. ಒಂದು ಗೋಮಾಳದ ಕಡತಕ್ಕೆ ನಾನು ಆಗುವುದಿಲ್ಲ ಎಂದು ಎರಡು ಸಲ ಟಿಪ್ಪಣಿ ಹಾಕಿದ್ದೆ. ಒಂದು ಸಂಜೆ ಕರೆದು, 'ನಾಳೆ ಡಿ.ಸಿ. ಆಫೀಸಿನಲ್ಲಿ ಮೀಟಿಂಗು, ನೀವೇ ಹೋಗಿ ಬನ್ನಿ. ನಿಮ್ಮಷ್ಟು ಚೆನ್ನಾಗಿ ವಿವರಿಸುವವರು ನಮ್ಮಲ್ಲಿ ಯಾರಿದ್ದಾರೆ?' ಎಂದರು. ನನಗೆ ಎಷ್ಟು ಖುಷಿ! ಹೊಸ ಷರಟು ಹಾಕಿಕೊಂಡು ಮೊದಲ ಬಸ್ಸಿಗೆ ಹೋದೆ. ಅಲ್ಲಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ರಾತ್ರಿ ವಾಪಸು ಬಂದೆ. ಬೆಳಿಗ್ಗೆ ನೋಡಿದರೆ ಆ ಕಡತಕ್ಕೆ ಸಹಿ ಬಿದ್ದಿತ್ತು.

ಆ ಜಮೀನು ಈಗ ಲೇಔಟ್. ಅದಿರಲಿ. ಆ ಸಾಹೇಬರಿಗೆ ತಾವು ಮಾಡುತ್ತಿರುವುದು ತಪ್ಪು ಅಂತ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ನನ್ನನ್ನು ಬಸ್ಸು ಹತ್ತಿಸುವ ಅಗತ್ಯವೇನಿತ್ತು? ಸ್ಟಾನಿಸ್‌ಗೂ ಗೊತ್ತಿತ್ತು. ಹಾಗಾಗಿ ಯಾರು ಯಾರಿಗೆ ನಿಷ್ಠ ಎಂದು ಅಭಿಮಾನಿಗಳು ಕಿತ್ತಾಡುವಾಗ ನಾನು ಬೇರೆ ಕಡೆ ನೋಡುತ್ತೇನೆ. 'ಬೇಡ' ಎನ್ನುವ ಮನುಷ್ಯನನ್ನು ಆ ನಾಯಕ ಆ ದಿನ ಎಲ್ಲಿಗೆ ಕಳಿಸಿದ್ದ? ಮಗುವನ್ನು ಸುಟ್ಟ ಮರುದಿನ ಬೆಳಿಗ್ಗೆ ಸ್ಟಾನಿಸ್‌ನ ಅರ್ಧದಷ್ಟು ಸೈನ್ಯ ಕುದುರೆ ಹತ್ತಿ ಹೋಗಿತ್ತು. ಅವರನ್ನು ಯಾರೂ ದ್ರೋಹಿಗಳೆಂದು ಕರೆದಿದ್ದನ್ನು ನಾನು ಕೇಳಿಲ್ಲ.

ಇದೇ ಅಳತೆಗೋಲು ಹಿಡಿದರೆ ಜಾನ್ ಸ್ನೋ ಕೂಡ ಪೂರ್ತಿ ಪಾಸಾಗುವುದಿಲ್ಲ. ಅಳಿಯಂದಿರು ಸಿಟ್ಟಾಗಬಾರದು. ಗೋಡೆಯಾಚೆಯ ಜನರನ್ನು ಒಳಗೆ ಬಿಟ್ಟಿದ್ದು ದೊಡ್ಡ ತೀರ್ಮಾನ, ಸರಿಯಾದ ತೀರ್ಮಾನ. ಆದರೆ ಅವನ ಹತ್ತಿರವೇ ಇದ್ದ ಆಲಿ ಎಂಬ ಹುಡುಗನ ಅಪ್ಪ ಅಮ್ಮನನ್ನು ಕೊಂದವರು ಅದೇ ಜನ. ಆ ಹುಡುಗನ ಹೊಟ್ಟೆಯಲ್ಲಿ ಏನಿದೆ ಅಂತ ಕೂತು ಕೇಳಲಿಲ್ಲ. ಕೊನೆಗೆ ಜಾನ್‌ಗೆ ಚೂರಿ ಹಾಕಿದವರಲ್ಲಿ ಆ ಹುಡುಗನೂ ಒಬ್ಬ. ಮುಂದೆ ಉತ್ತರದವರು ಜಾನ್‌ನನ್ನು ರಾಜ ಅಂತ ಆರಿಸಿದರು. ಲಿಯಾನಾ ಮಾರ್ಮಂಟ್ ಅನ್ನುವ ಹತ್ತು ವರ್ಷದ ಹುಡುಗಿ ತನ್ನ ದ್ವೀಪದಲ್ಲಿದ್ದ 62 ಜನ ಸೈನಿಕರನ್ನು ಕೊಟ್ಟಿದ್ದಳು. ಬರೀ 62! ಇವನು ದಕ್ಷಿಣಕ್ಕೆ ಹೋಗಿ ಅವರನ್ನು ಒಂದು ಮಾತು ಕೇಳದೆ ರಾಣಿಗೆ ಮಂಡಿಯೂರಿ ಬಂದ. 'ನಿಮ್ಮನ್ನು ರಾಜ ಅಂತ ಕರೆದವರು ನಾವು' ಎಂದು ಆ ಹುಡುಗಿ ಸಭೆಯಲ್ಲಿ ಕೇಳಿದಾಗ ಇವನ ಹತ್ತಿರ ನೆಟ್ಟಗೆ ಉತ್ತರ ಇರಲಿಲ್ಲ.

ಆದರೂ ಕೊನೆಯ ಕಂತಿನಲ್ಲಿ ಅವನು ಮೊದಲು ಮಾತಾಡಿದ. ಸುಟ್ಟ ಸಿಂಹಾಸನದ ಕೋಣೆಯಲ್ಲಿ, ಟಿರಿಯನ್‌ನನ್ನು ಕ್ಷಮಿಸು ಎಂದ, ಬೇರೆಯವರಿಗೂ ಒಳ್ಳೆಯದು ಯಾವುದು ಅಂತ ಅನಿಸಬಹುದಲ್ಲ ಎಂದ. ಆರಿಸುವ ಹಕ್ಕು ಅವರಿಗಿಲ್ಲ ಎಂದಳು ರಾಣಿ. ಅದು ಸಾವಿರಾರು ಜನ ಸುಟ್ಟುಹೋದ ಮೇಲಿನ ಮಾತು. ಇವನು ಅವಳನ್ನು ತಬ್ಬಿಕೊಂಡೇ ಚುಚ್ಚಿದ. ಅದು ನನಗೆ ಇಷ್ಟವಾಗಲಿಲ್ಲ. ಆದರೆ ಓಡಲಿಲ್ಲ, ಶಿಕ್ಷೆ ಒಪ್ಪಿಕೊಂಡ. ಮೊಮ್ಮಗಳು ಆ ರಾತ್ರಿ ಊಟ ಮಾಡಲಿಲ್ಲ. ಗುಲಾಮರ ಸರಪಳಿ ಕಡಿದವಳನ್ನು ಎರಡು ಕಂತಿನಲ್ಲಿ ರಾಕ್ಷಸಿ ಮಾಡಿದರು ಅಂತ ಅವಳ ಸಿಟ್ಟು. ಅದರಲ್ಲಿ ಸತ್ಯ ಇಲ್ಲದಿಲ್ಲ. ಕೊನೆಯ ಸೀಸನ್ ಮತ್ತೆ ಮಾಡಿ ಎಂಬ ಮನವಿಗೆ ಆಗ 15 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದ್ದರು. ಆದರೆ ನಾನು ಅವಳಿಗೆ ಡೇನೇರಿಸ್ ಗೆದ್ದ ಮೀರೀನ್ ಎಂಬ ಊರನ್ನು ನೆನಪಿಸಿದೆ. 163 ಗುಲಾಮ ಮಕ್ಕಳನ್ನು ಕೊಂದರು ಅಂತ ಅಲ್ಲಿನ 163 ಯಜಮಾನರನ್ನು ಕಂಬಕ್ಕೆ ಹೊಡೆಸಿದಳು. ಕರುಣೆ ತೋರಿಸಿ ಎಂದು ಅವಳ ಕಾವಲಿನ ಮುದುಕ ಬ್ಯಾರಿಸ್ಟನ್ ಹೇಳಿದ್ದ. ಹಾಗೆ ಸತ್ತವರಲ್ಲಿ ಒಬ್ಬ ಆ ಮಕ್ಕಳನ್ನು ಕೊಲ್ಲಬೇಡಿ ಎಂದವನೇ ಆಗಿದ್ದ, ಅವನ ಮಗ ಬಂದು ಹೇಳಿದ. ಅದು ನಾಲ್ಕನೇ ಸೀಸನ್. ಅಂದು ನಾವೆಲ್ಲ ಅವಳಿಗೆ ಚಪ್ಪಾಳೆ ಹೊಡೆದಿದ್ದೆವು. ನಾನೂ ಹೊಡೆದಿದ್ದೆ.

ಹಿಂದಿನ ಕಾಲದ ಕಥೆಯ ಹೊಸ ಧಾರಾವಾಹಿ 'ಹೌಸ್ ಆಫ್ ದಿ ಡ್ರ್ಯಾಗನ್' ಬಂದ ಮೇಲೆ ಜಗಳ ಇನ್ನೂ ಸುಲಭ ಮಾಡಿಕೊಟ್ಟಿದ್ದಾರೆ. 2024ರಲ್ಲಿ ಅದರ ಎರಡನೇ ಸೀಸನ್ನಿಗೆ ಕಪ್ಪು ಪಕ್ಷಕ್ಕೊಂದು, ಹಸಿರು ಪಕ್ಷಕ್ಕೊಂದು ಅಂತ ಎರಡು ಟ್ರೈಲರ್ ಬಿಟ್ಟು, ನೀವು ಯಾವ ಕಡೆ ಎಂದು ಕೇಳಿದರು. ಮೊಮ್ಮಗಳು ಕಪ್ಪು. ನಾನು ಯಾವ ಕಡೆಯೂ ಇಲ್ಲ. ಅಲ್ಲಿ ಈರುಳ್ಳಿ ಸಾಹೇಬರಂಥವರು ನನಗಿನ್ನೂ ಸಿಕ್ಕಿಲ್ಲ.

ಅವರ ಬಗ್ಗೆ ಇನ್ನೊಂದು ಸಣ್ಣ ವಿಷಯ ಹೇಳಿ ಮುಗಿಸುತ್ತೇನೆ. ಡಾವೋಸ್‌ಗೆ ಓದು ಬರುತ್ತಿರಲಿಲ್ಲ. ಅಕ್ಷರ ಕಲಿಸಿದ್ದು ಸ್ಟಾನಿಸ್‌ನ ಮಗಳು, ಮುಂದೆ ಬೆಂಕಿಗೆ ಹೋದ ಆ ಹುಡುಗಿ. ಸ್ಟಾನಿಸ್‌ಗೆ ಇನ್ನೊಂದು ಚಟ, ಯಾರಾದರೂ ಮಾತಿನಲ್ಲಿ ವ್ಯಾಕರಣ ತಪ್ಪಿದರೆ ತಿದ್ದುವುದು. ಡಾವೋಸ್ ತನ್ನ ಮೊಂಡು ಬೆರಳು ತೋರಿಸಿ 'ಲೆಸ್' ಎಂದರೆ, ಎಣಿಸುವಂಥದ್ದಕ್ಕೆ 'ಫ್ಯೂವರ್' ಅನ್ನಬೇಕು ಎಂದು ತಿದ್ದುತ್ತಿದ್ದ. ಸ್ಟಾನಿಸ್ ಸತ್ತು ಎಷ್ಟೋ ದಿನಗಳ ಮೇಲೆ, ಏಳನೇ ಸೀಸನ್ನಿನಲ್ಲಿ, ಜಾನ್ ಸ್ನೋ ಸೈನಿಕರ ಲೆಕ್ಕ ಹೇಳುತ್ತಾ 'ಲೆಸ್' ಎನ್ನುತ್ತಾನೆ. ಪಕ್ಕದಲ್ಲಿ ನಡೆಯುತ್ತಿದ್ದ ಡಾವೋಸ್ ಮೆಲ್ಲಗೆ 'ಫ್ಯೂವರ್' ಎನ್ನುತ್ತಾನೆ. 'ಏನು?' ಎಂದು ಜಾನ್ ತಿರುಗಿ ನೋಡುತ್ತಾನೆ. 'ಏನಿಲ್ಲ' ಎನ್ನುತ್ತಾನೆ ಡಾವೋಸ್.

ಇತಿ,
ನಿವೃತ್ತ ಶಿರಸ್ತೇದಾರ್, ಸಾಗರ