ಆರನೇ ಕ್ಲಾಸೇ ಆಗಿಲ್ಲ ಅಂದ ಪುಟ್ಟಿಗೆ

ಪಾವಗಡ
ಭಾನುವಾರ

ಪ್ರೀತಿಯ ಪುಟ್ಟಿಗೆ ತಾತನ ಆಶೀರ್ವಾದಗಳು.

ಊರಿನ ಸುದ್ದಿ, ಅಜ್ಜಿಯ ಮಂಡಿನೋವು ಎಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಾನು ಬರೆಯಲು ಕೂತಿದ್ದು ನಿನ್ನ ಕಾಗದದ ಕೊನೆಯ ಸಾಲುಗಳಿಗೆ. "ಲೆಕ್ಚರರ್ ‘ಇದೆಲ್ಲ ಆರನೇ ಕ್ಲಾಸಲ್ಲೇ ಆಗಿದೆಯಲ್ಲ’ ಅಂತ ಮುಂದಕ್ಕೆ ಹೋಗ್ತಾರೆ. ನಮಗೆ ಆರನೇ ಕ್ಲಾಸೇ ಆಗಿಲ್ಲ ತಾತ. ಆ ಜಾಗ ಹಾಗೇ ಖಾಲಿ ಉಳಿದುಬಿಡುತ್ತಾ?" ಎರಡು ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ ಕಣೆ.

ನಿಜ, ಆಗಿಲ್ಲ. 2020ರಲ್ಲಿ ಕೊರೊನಾ ಅಂತ ಶಾಲೆ ಮುಚ್ಚಿತ್ತು, ನೀನು ಆರಕ್ಕೆ ಬಂದಿದ್ದು ದಾಖಲೆಯಲ್ಲಿ ಮಾತ್ರ. ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ನಾವು ಮೇಷ್ಟ್ರುಗಳು ಊರೂರಿಗೆ ಹೋಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ ಮೇಲೆ ಮಕ್ಕಳನ್ನು ಕೂರಿಸಿಕೊಂಡೆವು. ಅಕ್ಟೋಬರ್‌ಗೆ ಅದೂ ನಿಂತಿತು. ಅಷ್ಟೊತ್ತಿಗೆ ಕಡಲೆಕಾಯಿ ಕೀಳುವ ಕಾಲ, ಮಕ್ಕಳೆಲ್ಲ ಹೊಲದಲ್ಲಿ. ಫೋನಿದ್ದ ಮನೆಯಲ್ಲೂ ಅದು ಅಪ್ಪನ ಜೇಬಿನಲ್ಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕನ್ನಡ ಓದುವುದು ಬರೆಯುವುದು ಅಂದರೆ ಶಾಲೆಯೇ. ಅದೂ ಕೈತಪ್ಪಿತು. 2021ರ ಫೆಬ್ರವರಿ 22ಕ್ಕೆ ನಿಮ್ಮನ್ನು ಒಳಗೆ ಕರೆದು, ಏಪ್ರಿಲ್‌ನಲ್ಲಿ ಪರೀಕ್ಷೆ ಇಲ್ಲದೆ ಪಾಸು ಅಂದರು. ಏಳನೇ ಕ್ಲಾಸಿನ ಬಾಗಿಲು ತೆಗೆದಿದ್ದೇ ಸೆಪ್ಟೆಂಬರ್‌ನಲ್ಲಿ.

2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರು ನಮ್ಮದೂ ಸೇರಿ 5 ರಾಜ್ಯಗಳಲ್ಲಿ, 2ರಿಂದ 6ನೇ ಕ್ಲಾಸಿನ 16 ಸಾವಿರ ಮಕ್ಕಳನ್ನು ಪರೀಕ್ಷಿಸಿದ್ದರು. ನೂರಕ್ಕೆ 82 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಗಣಿತದಲ್ಲಿ ಒಂದಾದರೂ ಮರೆತಿದ್ದರು. ನೀನೊಬ್ಬಳೇ ಅಲ್ಲ ಅನ್ನಲು ಇದನ್ನು ಹೇಳಿದೆ. ಇದರಿಂದ ಸಮಾಧಾನ ಆಗುತ್ತದೆ ಅಂತೇನೂ ಇಲ್ಲ, ನನಗೂ ಆಗಲಿಲ್ಲ.

ನಿನ್ನ ಸಾಲು ಇಷ್ಟು ಚುಚ್ಚಿದ್ದು ಯಾಕೆ ಅಂದರೆ, ಆ ಲೆಕ್ಚರರ್ ನಾನೇ. ಫೆಬ್ರವರಿಯಲ್ಲಿ ಶಾಲೆ ತೆಗೆದ ವಾರ, ಏಳನೇ ಕ್ಲಾಸಿನ ಒಂದು ಹುಡುಗಿ ಅರ್ಧಕ್ಕೆ ಕಾಲು ಕೂಡಿ ಬೋರ್ಡಿನ ಮೇಲೆ 2/6 ಅಂತ ಬರೆದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. "ಇದು ಹೋದ ವರ್ಷದ್ದಲ್ಲವೇನಮ್ಮ, ಹೋಗಿ ಕೂತ್ಕೋ" ಅಂದೆ. ನನಗೆ ಪಾಠ ಮುಗಿಸುವ ಆತುರ. ಅವಳು ಕೂತವಳು ಮತ್ತೆ ಏಳಲಿಲ್ಲ, ಏನೂ ಕೇಳಲಿಲ್ಲ. "ಅರ್ಥ ಆಯ್ತಾ?" ಅಂದರೆ ಎಲ್ಲರ ಜೊತೆ "ಆಯ್ತು ಸಾರ್" ಅನ್ನುತ್ತಿದ್ದಳು. ಅದೇ ಹುಡುಗಿ ಆ ಸುಗ್ಗಿಯಲ್ಲಿ ಮನೆ ಮುಂದೆ ಕೂತು ಸೇರು ಹಿಡಿದು ಕಡಲೆಬೀಜ ಅಳೆಯುವುದನ್ನು ನಾನೇ ನೋಡಿದ್ದೆ. ಅಚ್ಚೇರು ಅಂದರೆ ಅರ್ಧ ಸೇರು, ಪಾವು ಅಂದರೆ ಕಾಲು ಸೇರು. ಅಚ್ಚೇರಿಗೆ ಒಂದು ಪಾವು ಹಾಕಿದರೆ ಎಷ್ಟಮ್ಮ ಅಂತ ಕೇಳಿದ್ದರೆ ಕಣ್ಣು ಮಿಟುಕಿಸದೆ ಮೂರು ಪಾವು ಅನ್ನುತ್ತಿದ್ದಳು. ಕೇಳಲಿಲ್ಲ. ನನಗೆ ಹೊಳೆದಿದ್ದು ಮನೆಗೆ ಬಂದು ಕೈಕಾಲು ತೊಳೆಯುವಾಗ. ಮಾರನೆಯ ದಿನ ಕೇಳಬಹುದಿತ್ತು. ಅಷ್ಟರಲ್ಲಿ ಬೇರೆ ಪಾಠ.

ಸರ್ಕಾರದವರು ಕಲಿಕಾ ಚೇತರಿಕೆ ಅಂತ, ಬಿಟ್ಟುಹೋದದ್ದನ್ನು ಹಿಂದೆ ಹೋಗಿ ಕಲಿಸಿ ಅಂದಿದ್ದು 2022ರ ಮೇನಲ್ಲಿ. ನಾನು ನಿವೃತ್ತನಾಗಿದ್ದೂ ಅದೇ ತಿಂಗಳ ಕೊನೆಗೆ. ನನಗೆ ಸಿಕ್ಕಿದ್ದು ಹದಿನೈದು ದಿನ.

ಖಾಲಿ ಉಳಿಯುತ್ತಾ ಅಂತ ಕೇಳಿದ್ದೀಯ. ಹಾಗೇ ಬಿಟ್ಟರೆ ಉಳಿಯುತ್ತದೆ ಪುಟ್ಟಿ, ಸುಳ್ಳು ಹೇಳಲಾರೆ. ಆದರೆ ಹನ್ನೊಂದನೇ ವಯಸ್ಸಿನಲ್ಲಿ ವರ್ಷ ಹಿಡಿಯುವುದು ಈ ವಯಸ್ಸಿಗೆ ಒಂದೆರಡು ತಿಂಗಳ ಕೆಲಸ. ನನ್ನ ಟ್ರಂಕಿನಲ್ಲಿ ಆರು, ಏಳರ ಗಣಿತದ ಪುಸ್ತಕಗಳಿವೆ, ಅಂಚು ಇಲಿ ಕಡಿದಿದೆ, ಆದರೂ ಓದಬಹುದು. ತುಮಕೂರಿಗೆ ಹೋಗುವ ಯಾರ ಕೈಯಲ್ಲಾದರೂ ಕೊಟ್ಟು ಕಳಿಸುತ್ತೇನೆ. ಪೂರ್ಣಾಂಕ, ಭಿನ್ನರಾಶಿ, ಅನುಪಾತ, ಇಷ್ಟು ಸಾಕು ಅನ್ನಿಸುತ್ತದೆ. ಹಾಸ್ಟೆಲಿನಲ್ಲಿ ಪಿಯುಸಿ ಹುಡುಗಿ ಆರನೇ ಕ್ಲಾಸಿನ ಪುಸ್ತಕ ಹಿಡಿದರೆ ನಗುತ್ತಾರೇನೋ, ಬೇಕಾದರೆ ರಟ್ಟು ಹಾಕಿಕೋ. ಆ ಲೆಕ್ಚರರನ್ನು ಕ್ಲಾಸು ಮುಗಿದ ಮೇಲೆ ಒಬ್ಬಳೇ ಹೋಗಿ ಕೇಳಿ ನೋಡು. ಬೈದರೂ ಬೈಯಬಹುದು, ನಾನು ಹೇಳಿದೆ ಅಂತ ಬೇಸರ ಮಾಡಿಕೊಳ್ಳಬೇಡ. ನನ್ನ ಕ್ಲಾಸಿನ ಆ ಹುಡುಗಿ ಎರಡನೇ ಸಲ ಕೇಳಿದ್ದರೆ ನಾನು ಹೇಳಿಕೊಡುತ್ತಿದ್ದೆ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಅಂದಹಾಗೆ, ಅವರು ಬಿಟ್ಟು ಮುಂದೆ ಹೋದ ಲೆಕ್ಕ ಯಾವುದು ಅಂತ ನೀನು ಬರೆಯಲೇ ಇಲ್ಲ. ಬರೆ. ಎಲ್ಲಿಯವರೆಗೆ ಬಂತೋ ಅಲ್ಲಿಯವರೆಗೆ ಬಿಡಿಸಿ, ತಪ್ಪಿದ್ದನ್ನು ಅಳಿಸದೆ ಕಳಿಸು.

ನಿನ್ನ
ತಾತ