‘ಭಯವರಿಯದ’ ಅಂತ ಬರೆಯಬೇಡ

ಮಂಗಳೂರು

ಪ್ರೀತಿಯ ತಮ್ಮಾ,

ಉಡುಪಿಯಿಂದ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮುಂಬೈಯ ಪೊಲೀಸ್ ತುಕಾರಾಂ ಓಂಬ್ಳೆ ತೀರಿಕೊಂಡಾಗ ನೀನಿನ್ನೂ ಅಂಗನವಾಡಿ ಹುಡುಗ. ಆದರೂ ಅವರ ಬಗ್ಗೆ ಬರೆಯಬೇಕು ಅಂತ ನಿನಗೆ ಅನಿಸಿತಲ್ಲ, ಮನಸ್ಸು ತುಂಬಿ ಬಂತು. ಕಾಗುಣಿತ, ಪ್ಯಾರಾ ಅಂತೆಲ್ಲ ಕೇಳಿದ್ದೀಯ. ಅವೆಲ್ಲ ಬರೀತಾ ಬರೀತಾ ಸರಿಹೋಗುತ್ತವೆ, ಬಿಡು.

ಆದರೆ ಮಾರಾಯ, ಆರು ಪುಟದಲ್ಲಿ ‘ಭಯವರಿಯದ ವೀರ’ ಒಂಬತ್ತು ಸಲ! ಅವರಿಗೆ ಭಯ ಇರಲಿಲ್ಲ ಅಂತ ನಿನಗೆ ಯಾರು ಹೇಳಿದರು?

2008ರ ನವೆಂಬರ್ 26, ಉಗ್ರರು ಮುಂಬೈ ಮೇಲೆ ದಾಳಿ ಮಾಡಿದ ರಾತ್ರಿ. ಅಲ್ಲಿಯ ಗಿರ್‌ಗಾಂವ್ ಚೌಪಾಟಿ. ನಾಕಾಬಂದಿಯಲ್ಲಿ ಕಾರು ನಿಂತಿದೆ. ಈ ಎಎಸ್‌ಐ ಹತ್ತಿರ ಇದ್ದದ್ದು ಬರೀ ಲಾಠಿ. ಕಾರಿನಲ್ಲಿದ್ದ ಉಗ್ರ ಕಸಬ್ ಕೈಯಲ್ಲಿ ಎಕೆ-47. ಓಂಬ್ಳೆ ಅದರ ನಳಿಗೆಗೇ ಕೈ ಹಾಕಿದರು. ಗುಂಡು ಮೈಗೆ ಹೊಕ್ಕರೂ ಬಿಡಲಿಲ್ಲ. ಅದರಿಂದಲೇ ಉಳಿದ ಪೊಲೀಸರಿಗೆ ಕಸಬ್ ಜೀವಂತ ಸಿಕ್ಕಿದ. ಇದಕ್ಕೆ ನೀನು ಕೊಟ್ಟದ್ದು ಎರಡು ಸಾಲು. 2009ರಲ್ಲಿ ಅವರಿಗೆ ಬಂದ ಅಶೋಕ ಚಕ್ರ ಪ್ರಶಸ್ತಿಗೆ ಇಡೀ ಒಂದು ಪುಟ. ಆ ಕೈಗಳ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು, ಅಲ್ವಾ? 2021ರಲ್ಲಿ ಸಂಶೋಧಕರು ಹೊಸದಾಗಿ ಕಂಡ ಒಂದು ಜೇಡಕ್ಕೆ ‘ಐಸಿಯಸ್ ತುಕಾರಾಮಿ’ ಅಂತ ಹೆಸರಿಟ್ಟರು. ಬರೀ ಹೆಸರು. ವೀರ, ಧೀರ ಏನೂ ಇಲ್ಲ.

ನಾನಿಷ್ಟು ಗದರುವುದಕ್ಕೆ ಕಾರಣ ಇದೆ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಬರೆದಿದ್ದೆ. ನಮ್ಮ ಕಡೆಯ ಪೊಲೀಸರೊಬ್ಬರು ಡ್ಯೂಟಿಯಲ್ಲಿ ತೀರಿಕೊಂಡಿದ್ದರು. ಜೋರು ಮಳೆ ಅಂತ ಅವರ ಮನೆಗೆ ಹೋಗದೆ, ಕೂತಲ್ಲೇ ಬರೆದೆ. ಎಲ್ಲರೂ ಹೊಗಳಿದರು. ಎಷ್ಟೋ ತಿಂಗಳ ನಂತರ ಬಸ್‌ಸ್ಟ್ಯಾಂಡಿನಲ್ಲಿ ಅವರ ಹೆಂಡತಿ ಸಿಕ್ಕಿದರು. ಕೈಯಲ್ಲಿ ಮಲ್ಲಿಗೆಯ ಅಟ್ಟೆ, ಬಾಳೆ ನಾರಿನ ಕಟ್ಟು ಬಿಚ್ಚಿಯೇ ಇರಲಿಲ್ಲ. ‘ಅವರಿಗೆ ಹೆದರಿಕೆ ಇತ್ತು ಸರ್,’ ಅಂದರು. ‘ನೈಟ್ ಡ್ಯೂಟಿಗೆ ಹೊರಟವರು ಗೇಟಿನಿಂದ ವಾಪಸ್ ಬರ್ತಿದ್ದರು. ಮಗು ಮಲಗಿದೆಯಾ ಅಂತ ನೋಡಿ ಮತ್ತೆ ಹೋಗ್ತಿದ್ದರು.’

ಹೆದರಿಕೊಂಡೇ ಹೋದ ಮನುಷ್ಯನನ್ನು ನಾನು ಕಲ್ಲಿನ ಮೂರ್ತಿ ಮಾಡಿಬಿಟ್ಟಿದ್ದೆ. ಆ ಬರಹ ಈಗಲೂ ನನ್ನ ಕಪಾಟಿನಲ್ಲಿದೆ. ಓದಲು ಆಗುವುದಿಲ್ಲ.

ಅಕ್ಟೋಬರ್ 21ಕ್ಕೆ, ಪೊಲೀಸ್ ಹುತಾತ್ಮರ ದಿನಕ್ಕೆ ಬಾ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ 10 ಮಂದಿ ಪೊಲೀಸರು ಸತ್ತ ದಿನ ಅದು. ಇಲ್ಲಿಯೂ ಪರೇಡ್ ಇರುತ್ತದೆ, ಹಿಂದಿನ ಒಂದು ವರ್ಷದಲ್ಲಿ ಡ್ಯೂಟಿಯಲ್ಲಿ ತೀರಿಕೊಂಡವರ ಹೆಸರು ಓದುತ್ತಾರೆ. ಮನೆಯವರು ಕೂತ ಸಾಲಿನ ಹಿಂದೆ ಸುಮ್ನೆ ನಿಂತುಕೋ. ಫೋಟೋ ತೆಗೆಯಬೇಡ. ಬೆಳಗ್ಗಿನ ಮೊದಲ ಎಕ್ಸ್‌ಪ್ರೆಸ್ ಬಸ್ ಹಿಡಿ, ಮಧ್ಯಾಹ್ನ ನಮ್ಮಲ್ಲೇ ಊಟ. ಲೇಖನವನ್ನೂ ತಾ, ಒಟ್ಟಿಗೆ ಕೂತು ನೋಡೋಣ.

ನಿನ್ನ
ಮಾಸ್ಟ್ರು